ಬಂದೂಕಿನ ಸದ್ದು ನಿಂತದ, ಆದ್ರೂ ಕೆರಿಯಾಗ ಬಾತು ಯಾಕ ಕಡಿಮಿ?

ಸುರಪುರ_ಏರಿ (ಪ್ರಶ್ನೆ)

ಎಲ್ಲರಿಗೂ ಶರಣು. ನಮ್ಮ ಸುರಪುರ, ಶಹಾಪುರ ಭಾಗದಾಗ ಬಾತು ಬೇಟೆ ಅನ್ನೋದು ಹೆಚ್ಚುಕಡಿಮಿ ನಿಂತೇ ಹೋಗ್ಯದ. ನಿಜಾಮರ ಕಾಲದ ಶಿಕಾರಿ, ಛರ್ರಾ ತುಂಬಿದ ಬಂದೂಕು ಹಿಡಕೊಂಡು ನಸುಕಿನಾಗ ಕೆರಿ ದಂಡಿಗೆ ಕೂಡೋದು, ಇವೆಲ್ಲ ಈಗ ಹಿರಿಯರ ಮಾತಿನಾಗಷ್ಟೇ ಉಳಿದಾವ. ಹಂಗಿದ್ದಮ್ಯಾಲ ಚಳಿಗಾಲದ ಹಕ್ಕಿ ಹೆಚ್ಚಾಗಬೇಕಿತ್ತು. ಆದ್ರ ಸೂಜಿಬಾಲದ ಬಾತು, ಶೊವೆಲರ್, ಸಣ್ಣ ಟೀಲ್ ಇವು ಮೊದಲಿನಷ್ಟು ಕೂಡ್ಲಾಕತ್ತಿಲ್ಲ. ನಾಮದಕೋಳಿ, ಜಂಬುಕೋಳಿ ಮಾತ್ರ ಬೇಕಾದಷ್ಟು ಅವ.

ನಾಕು ಮಾತು ಕೇಳಬೇಕಾಗ್ಯದ. ಒಂದು, ಹಕ್ಕಿ ಬರೋದೇ ಬಿಟ್ಟಾವೋ, ಇಲ್ಲಾ ಬೇರೆ ನೀರಿಗೆ ಹೋಗ್ಯಾವೋ, ಇದನ್ನ ಹೆಂಗ ಗೊತ್ತು ಮಾಡೋದು? ಎರಡು, ಅಮೆರಿಕಾದಾಗೂ ಬೇಟೆಗಾರರು ಕಡಿಮಿ ಆಗ್ಯಾರ, ಬಾತುಗಳು ಉತ್ತರದಾಗೇ ನಿಂದರ್ಲಾಕತ್ತಾವ ಅಂತ ಓದಿದೆ. ನಮ್ಮ ಕಥಿನೂ ಅದೇ ಏನು? ಮೂರು, ನವೆಂಬರ್ ಮುಗಿಲಾಕ ಬಂತು, ಪಟ್ಟೆತಲೆ ಹೆಬ್ಬಾತು ಇನ್ನೂ ಇಳಿದಿಲ್ಲ. ತಡ ಆಯ್ತೇನು? ಕಡೀದು, ಜನವರಿಯಾಗ ನಾಕೈದು ಮಂದಿ ಸೇರಿ ಎಣಿಕಿ ಮಾಡಬೇಕಂತ ಅದ. ನಾಳೆ ಯಾರಾದ್ರೂ ಕೇಳಿದ್ರ ನಿಲ್ಲುವಂಥ ಲೆಕ್ಕ ಹೆಂಗ ತೆಗೀಬೇಕು?

ಭೀಮಾತೀರ

ಅಣ್ಣಾರ, ಬೇಟೆಯ ಲೆಕ್ಕ ಮತ್ತು ನೀರಿನ ಲೆಕ್ಕ ಎರಡನ್ನೂ ಮೊದಲು ಬೇರೆ ಮಾಡಿಕೊಳ್ಳೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಪರವಾನಗಿ ಪಡೆದು ಬೇಟೆಯಾಡಲು ಇನ್ನೂ ದಾರಿ ಇತ್ತು. 1991ರ ತಿದ್ದುಪಡಿ ಆ ಪರವಾನಗಿಗಳನ್ನೇ ತೆಗೆದುಹಾಕಿತು. ಬಂದೂಕು ಮೂಲೆ ಸೇರಿದ್ದು ಹೀಗೆ. ಆದರೆ ಬೇಟೆ ನಿಂತ ಮಾತ್ರಕ್ಕೆ ಹಕ್ಕಿ ಹೆಚ್ಚಬೇಕಾದರೆ ಮೇವು, ಜಾಗ, ನೆಮ್ಮದಿ ಮೂರೂ ಮೊದಲಿನಂತೆಯೇ ಇರಬೇಕು. ನಮ್ಮ ಕಡೆ ಕೈತಪ್ಪಿರುವುದು ಜಾಗ. ಅದರಲ್ಲೂ ತೆಳುನೀರಿನ ಜಾಗ.

ನೀವು ಹೇಳಿದ ಮೂರೂ ಬಾತುಗಳು ಮುಳುಗಿ ತಿನ್ನುವಂಥವಲ್ಲ. ನೀರಿನ ಮೇಲೆ ತೇಲುತ್ತ, ತಲೆ ಕೆಳಗೆ ಮಾಡಿ, ಕೆಸರಿನಲ್ಲಿರುವ ಬೀಜ, ಹುಳು, ಬಸವನಹುಳು ಹೆಕ್ಕುತ್ತವೆ. ಟೀಲ್‌ಗೆ ಒಂದು ಗೇಣಿಗಿಂತ ಕಡಿಮೆ ನೀರು ಬೇಕು. ಸೂಜಿಬಾಲದ ಬಾತಿಗೆ ಕುತ್ತಿಗೆ ಉದ್ದ, ಆದ್ದರಿಂದ ಸುಮಾರು 30 ಸೆಂ.ಮೀ.ವರೆಗೆ ಎಟುಕುತ್ತದೆ. ಅದಕ್ಕಿಂತ ಆಳವಾದರೆ ಕೆರೆ ಎಷ್ಟೇ ದೊಡ್ಡದಿರಲಿ, ಅವುಗಳ ಪಾಲಿಗೆ ಅದು ಬರೀ ಮಲಗುವ ಜಾಗ. ಮುಳುಗು ಹಾಕುವ ಪೊಚಾರ್ಡ್, ಟಫ್ಟೆಡ್ ಬಾತುಗಳು ಮಾತ್ರ ಒಂದೆರಡು ಮೀಟರ್ ಆಳದಲ್ಲೂ ಮೇಯುತ್ತವೆ. ನಾಮದಕೋಳಿ, ಜಂಬುಕೋಳಿ ಹೆಚ್ಚಿವೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ನೀರು ಇಳಿಯದೆ ಒಂದೇ ಮಟ್ಟದಲ್ಲಿ ನಿಂತಿದೆ, ಜಂಬು, ಆಪು, ಬೇಶರಮ್ ಗಿಡ ದಂಡೆಯನ್ನು ಮುಚ್ಚಿವೆ ಅನ್ನುವುದನ್ನು ಆ ಎರಡು ಹಕ್ಕಿಗಳೇ ಹೇಳುತ್ತಿವೆ.

ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ನಿಮ್ಮ ಭಾಗದಲ್ಲಿ ಆದದ್ದು ಇದೇ. ಮಳೆ ನಂಬಿದ ಕೆರೆ ದೀಪಾವಳಿಯ ನಂತರ ವಾರ ವಾರಕ್ಕೂ ಹಿಂದೆ ಸರಿಯುತ್ತ ಹೊಸ ಕೆಸರು ಬಿಚ್ಚುತ್ತದೆ. ಬಾತು ಆ ನೀರಂಚಿನ ಬೆನ್ನು ಹತ್ತಿ ಮೇಯುತ್ತ ಫೆಬ್ರವರಿವರೆಗೆ ಇರುತ್ತದೆ. ಕಾಲುವೆಯ ಬಸಿನೀರು ಸೇರುವ ಕೆರೆಯಲ್ಲಿ ಅಂಚು ಸರಿಯುವುದೇ ಇಲ್ಲ. ಇನ್ನೊಂದು ಕಡೆ ಭತ್ತದ ಗದ್ದೆಗಳಲ್ಲಿ ತೆಳುನೀರು ಸಿಗುವುದರಿಂದ ವರಟೆ, ಸಿಳ್ಳೆಬಾತು ರಾತ್ರಿ ಅಲ್ಲಿಗೆ ಹೋಗುತ್ತವೆ. ಕೆರೆ ಏರಿಯ ಮೇಲೆ ಹಗಲಲ್ಲಿ ನಿಂತು ನೋಡಿದವರಿಗೆ ಇದು ಕಾಣುವುದಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಕೆರೆಯಿಂದ ಉತ್ತರ ಸಿಗದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಂಥ ವರ್ಷದಲ್ಲಿ ಹಳ್ಳ, ಗುಂಡಿ, ಸಣ್ಣ ಕೆರೆ ಎಲ್ಲವೂ ತುಂಬಿ ಹಕ್ಕಿ ಚದುರಿಹೋಗುತ್ತದೆ. ಆಗ ಪ್ರತಿ ಕೆರೆಯಲ್ಲೂ ‘ಕಡಿಮೆ’ ಅನಿಸುತ್ತದೆ. 2023ರಂಥ ಬರಗಾಲದಲ್ಲಿ ಸಣ್ಣ ಕೆರೆ ಒಣಗಿ, ಉಳಿದ ನೀರಿಗೆ ಎಲ್ಲವೂ ಬಂದು ಬೀಳುತ್ತವೆ. ಆಗ ಆ ಒಂದು ಜಲಾಶಯ ನೋಡಿದವರು ‘ಈ ಸಲ ಭಾರಿ ಬಂದಾವ’ ಅನ್ನುತ್ತಾರೆ. ಎರಡೂ ಸಲ ಬಂದ ಹಕ್ಕಿ ಒಟ್ಟಾರೆ ಅಷ್ಟೇ ಇದ್ದಿರಬಹುದು.

ಕಾರಂಜಾ_ಹಿನ್ನೀರು

ಎಣಿಕೆಯ ಬಗ್ಗೆ ನಾನು ಹೇಳುತ್ತೇನೆ. ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದೇ ದಿನಗಳನ್ನು ಹಿಡಿದರೆ ನಿಮ್ಮ ಲೆಕ್ಕವನ್ನು ಬೇರೆ ಊರಿನ ಲೆಕ್ಕದ ಪಕ್ಕ ಇಟ್ಟು ನೋಡಬಹುದು. ಆದರೆ ದಿನಾಂಕಕ್ಕಿಂತ ಮುಖ್ಯವಾದದ್ದು ಪ್ರತಿ ವರ್ಷ ಅದೇ ವಾರ, ಅದೇ ಜಾಗ, ಅದೇ ಹೊತ್ತು. ಇವು ಬದಲಾದರೆ ಹತ್ತು ವರ್ಷದ ಪುಸ್ತಕವಿದ್ದರೂ ಪ್ರಯೋಜನವಿಲ್ಲ.

ಡಿಸೆಂಬರಿನಲ್ಲೇ ಒಮ್ಮೆ ಹೋಗಿ ನಿಲ್ಲುವ ಜಾಗಗಳನ್ನು ಗೊತ್ತು ಮಾಡಿ. ಮಧ್ಯಮ ಗಾತ್ರದ ಕೆರೆಗೆ ಮೂರರಿಂದ ಐದು ಜಾಗ ಸಾಕು. ಎರಡು ಜಾಗದಿಂದ ಒಂದೇ ನೀರು ಕಾಣುತ್ತಿದ್ದರೆ ನಡುವೆ ಗಡಿ ಇಟ್ಟುಕೊಳ್ಳಿ: ‘ಆ ಮುಳುಗಿದ ಜಾಲಿ ಗಿಡದಿಂದ ಈಚೆ ನಿನ್ನದು, ಆಚೆ ನನ್ನದು’. ಬೆಳಗಿನ ಹೊತ್ತು ಪೂರ್ವದ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಬೇಕು. ಸೂರ್ಯ ಎದುರಿಗಿದ್ದರೆ ಎಲ್ಲ ಬಾತೂ ಕರಿ ಬಾತೇ. ಆರೂವರೆಯಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ಆಮೇಲೆ ನೀರ ಮೇಲೆ ಬಿಸಿಗಾಳಿ ಕುಣಿಯತೊಡಗಿದರೆ ದುರ್ಬೀನಿನಲ್ಲಿ ಬಣ್ಣ ಕಲಸಿಹೋಗುತ್ತದೆ. 8x42 (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ದುರ್ಬೀನು ಹತ್ತಿರದ ಹಕ್ಕಿಗೆ ಸಾಕು. 200 ಮೀಟರ್ ದಾಟಿದರೆ 20ರಿಂದ 60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ ಒಂದಾದರೂ ಬೇಕು, ಮೂರು ಕಾಲಿನ ಗಟ್ಟಿ ಸ್ಟ್ಯಾಂಡ್ ಸಮೇತ.

ದೊಡ್ಡ ಗುಂಪು ಎಣಿಸುವಾಗ ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಅಗಲ ಕೂತಿವೆ ಅನ್ನುವುದನ್ನು ಕಣ್ಣಲ್ಲಿ ಹಿಡಿದು, ಅದೇ ಅಳತೆಯನ್ನು ಗುಂಪಿನ ಮೇಲೆ ಸರಿಸುತ್ತ ಹೋಗಿ. ಐನೂರು ಮೀರಿದರೆ ಐವತ್ತರ ಅಳತೆ ಹಿಡಿಯಿರಿ. ಒತ್ತಾಗಿ ಕೂತ ಗುಂಪನ್ನು ಎಲ್ಲರೂ ಕಡಿಮೆಯೇ ಎಣಿಸುತ್ತಾರೆ, ಇದು ಹೊಸಬರ ತಪ್ಪಷ್ಟೇ ಅಲ್ಲ. ಹಾಗಾಗಿ ಇಬ್ಬರು ಒಬ್ಬರಿಗೊಬ್ಬರು ಹೇಳದೆ ಎಣಿಸಬೇಕು. ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಮತ್ತೆ ಎಣಿಸಬೇಕು. ಸರಾಸರಿ ಹಾಕಿ ಮುಗಿಸಬೇಡಿ. ಫೋಟೊ ಸಾಲಾಗಿ ತೆಗೆದಿಟ್ಟರೆ ಮನೆಗೆ ಬಂದು ತಾಳೆ ನೋಡಬಹುದು.

ಜಾತಿ ಗುರುತಿಸುವಲ್ಲಿ ಎರಡು ಕಡೆ ಎಡವುತ್ತಾರೆ. ದೂರದ ನಾಮದಕೋಳಿಯನ್ನು ಬಾತು ಅಂದುಕೊಳ್ಳುವುದು ಒಂದು. ಅದು ಈಜುವಾಗ ತಲೆ ಹಿಂದೆ ಮುಂದೆ ಆಡಿಸುತ್ತದೆ, ಹಣೆಯ ಮೇಲೆ ಬಿಳಿ ನಾಮ ಹೊಳೆಯುತ್ತದೆ. ಇನ್ನೊಂದು, ಅಕ್ಟೋಬರ್, ನವೆಂಬರಿನಲ್ಲಿ ಗಂಡು ಬಾತುಗಳಿಗೂ ಹೆಣ್ಣಿನಂಥ ಕಂದು ಗರಿ ಇರುವುದರಿಂದ ಬಣ್ಣ ನಂಬಿ ಮೋಸ ಹೋಗುವುದು. ಆಗ ಆಕಾರ ನೋಡಿ. ಶೊವೆಲರ್‌ಗೆ ತಲೆಗಿಂತ ಉದ್ದದ ಸಲಿಕೆ ಕೊಕ್ಕು. ಸೂಜಿಬಾಲದ ಬಾತಿಗೆ ಸಪೂರ ಕುತ್ತಿಗೆ, ಬೂದು ಕೊಕ್ಕು. ಟೀಲ್‌ಗೆ ರೆಕ್ಕೆಯಲ್ಲಿ ಹಸಿರು ಪಟ್ಟಿ. ಗಾರ್ಗನಿಗೆ ಕಣ್ಣಿನ ಮೇಲೆ ಕೆಳಗೆ ತಿಳಿ ಗೆರೆಗಳು. ಗುರುತು ಸಿಗದಿದ್ದರೆ ‘ಗುರುತಾಗದ ಬಾತು, ಇಷ್ಟು’ ಅಂತಲೇ ಬರೆಯಿರಿ. ಊಹಿಸಿ ತುಂಬಿದ ಹೆಸರು ಖಾಲಿ ಜಾಗಕ್ಕಿಂತ ಕೆಟ್ಟದ್ದು.

ಗಿಡುಗ ಬಂದು ಎಲ್ಲವನ್ನೂ ಎಬ್ಬಿಸಿಬಿಟ್ಟರೆ ಎಣಿಕೆ ಅಲ್ಲಿಗೇ ನಿಲ್ಲಿಸಿ, ಹದಿನೈದು ನಿಮಿಷ ಬಿಟ್ಟು ಮೊದಲಿನಿಂದ ಶುರು ಮಾಡಿ. ಹಾರುವ ಗುಂಪು ಯಾವ ದಿಕ್ಕಿಗೆ ಹೋಯಿತು, ಎಷ್ಟು ಗಂಟೆಗೆ, ಅದನ್ನು ಬರೆಯಿರಿ. ಪಕ್ಕದ ಕೆರೆಯವರ ಲೆಕ್ಕದಲ್ಲಿ ಅದೇ ಗುಂಪು ಎರಡು ಸಲ ಸೇರದಂತೆ ನೋಡಿಕೊಳ್ಳಲು ಇದು ಬೇಕಾಗುತ್ತದೆ. ಸಾಧ್ಯವಾದರೆ ಒಂದೇ ಬೆಳಗ್ಗೆ ಬೋನಾಳ, ಹತ್ತಿಕುಣಿ, ಬಸವಸಾಗರದ ಹಿನ್ನೀರು ಮೂರರಲ್ಲೂ ಜನ ನಿಲ್ಲಲಿ. ಕಲಬುರಗಿಯವರು ಬೆಣ್ಣೆತೊರೆ ಜಲಾಶಯ, ಬೀದರಿನ ನಾವು ಕಾರಂಜಾ ಜಲಾಶಯ ನೋಡಿಕೊಂಡರೆ ಮೂರು ಜಿಲ್ಲೆಯ ಚಿತ್ರ ಒಂದೇ ದಿನದ್ದು ಸಿಗುತ್ತದೆ. ಬಂದದ್ದನ್ನು ಹಕ್ಕಿ ಪಟ್ಟಿ ಸೇರಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುವಾಗ ಕಂಡ ಎಲ್ಲ ಜಾತಿಯನ್ನೂ ಸೇರಿಸಿ, ಪಟ್ಟಿ ಪೂರ್ಣ ಅಂತ ಗುರುತು ಮಾಡಿ. ಬಾತು ಒಂದೂ ಇಲ್ಲದ ಕೆರೆಯ ಪಟ್ಟಿಯನ್ನೂ ಹಾಕಲೇಬೇಕು. ಇಲ್ಲ ಅನ್ನುವುದೂ ಲೆಕ್ಕವೇ.

ಇದರ ಜೊತೆಗೆ ಭೀಮಾತೀರದವರು ಹೇಳಿದ ಆಳ. ಒಂದೂವರೆ ಮೀಟರ್ ಬಿದಿರು ಕೋಲಿಗೆ 10 ಸೆಂ.ಮೀ.ಗೊಂದು ಬಣ್ಣದ ಪಟ್ಟಿ ಬಳಿದು, ದಂಡೆಯಿಂದ 5 ಮೀಟರ್ ಒಳಗೆ, ಐದು ಕಡೆ ಅಳೆದು ಬರೆಯಿರಿ. ಹಕ್ಕಿ ಎಣಿಸಿ ಮುಗಿದ ಮೇಲೆ ಅಳೆಯಬೇಕು, ಮೊದಲೇ ನೀರಿಗಿಳಿದರೆ ಎಲ್ಲ ಎದ್ದು ಹೋಗುತ್ತವೆ.

ದೂರದ_ರೆಕ್ಕೆ

ಎರಡನೇ ಮತ್ತು ಮೂರನೇ ಪ್ರಶ್ನೆಗೆ.

ಅಮೆರಿಕದ ಕಥೆ ನಮ್ಮದಲ್ಲ. ಅಲ್ಲಿ ಬಾತು ಬೇಟೆ ಕಾನೂನುಬದ್ಧ. 1934ರಿಂದ ಪ್ರತಿ ವಯಸ್ಕ ಬೇಟೆಗಾರ ಸರ್ಕಾರದ ‘ಡಕ್ ಸ್ಟ್ಯಾಂಪ್’ ಅನ್ನುವ ಚೀಟಿ ಕೊಳ್ಳಬೇಕು, ಆ ಹಣದಿಂದ ಜೌಗುನೆಲ ಕೊಂಡು ಉಳಿಸುತ್ತಾರೆ. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಸ್ಟ್ಯಾಂಪು ಹೋಗುತ್ತಿದ್ದವು, ಈಗ 15 ಲಕ್ಷದ ಆಸುಪಾಸು. ಹಾಗಾಗಿ ಅಲ್ಲಿ ಬೇಟೆಗಾರ ಕಡಿಮೆಯಾದರೆ ಜೌಗುನೆಲಕ್ಕೆ ಬರುವ ದುಡ್ಡು ಕಡಿಮೆಯಾಗುತ್ತದೆ ಅನ್ನುವ ಚಿಂತೆ. ನಮ್ಮಲ್ಲಿ ಬೇಟೆಗೂ ಕೆರೆಯ ಹಣಕ್ಕೂ ನಂಟೇ ಇರಲಿಲ್ಲ.

ಉತ್ತರದಲ್ಲೇ ನಿಲ್ಲುವುದು ಮಾತ್ರ ನಿಜ. ತೆಳುನೀರು ಹೆಪ್ಪುಗಟ್ಟಿ, ಹೊಲದ ಕಾಳು ಹಿಮದಡಿ ಮುಚ್ಚಿದಾಗಲೇ ಅಲ್ಲಿನ ಮಲಾರ್ಡ್ ಬಾತು ದಕ್ಷಿಣಕ್ಕೆ ಹೊರಡುವುದು. ಚಳಿ ತಗ್ಗಿದರೆ ಹೊರಡುವ ಅಗತ್ಯವಿಲ್ಲ. ಯುರೋಪಿನಲ್ಲೂ ಟಫ್ಟೆಡ್ ಬಾತು ಸೇರಿ ಮೂರು ಜಾತಿ ಚಳಿಗಾಲದ ನೆಲೆಯನ್ನು ಈಶಾನ್ಯಕ್ಕೆ ಸರಿಸಿಕೊಂಡಿರುವುದು ದಾಖಲಾಗಿದೆ. ನಮ್ಮ ದಾರಿಯಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಅಂದರೆ ಪಟ್ಟೆತಲೆ ಹೆಬ್ಬಾತು. ಟಿಬೆಟಿನ ಯಾರ್ಲುಂಗ್ ತ್ಸಾಂಗ್ಪೊ ಕಣಿವೆಯಲ್ಲಿ, ಅಂದರೆ ನಮ್ಮ ಬ್ರಹ್ಮಪುತ್ರದ ಮೇಲಿನ ಹರಿವಿನಲ್ಲಿ, ಗೋಧಿ, ಬಾರ್ಲಿ ಹೊಲಗಳ ಮೇವು ಹಿಡಿದು ಚಳಿಗಾಲ ಕಳೆಯುವ ಹೆಬ್ಬಾತು 1990ರ ದಶಕದಿಂದ ಈಚೆಗೆ ಹಲವು ಪಟ್ಟು ಹೆಚ್ಚಿವೆ. ಹಿಮಾಲಯ ದಾಟದೆಯೇ ಹೊಟ್ಟೆ ತುಂಬಿದರೆ ಕೆಲವು ದಾಟುವುದಿಲ್ಲ. ಆದ್ದರಿಂದ ನಿಮ್ಮ ಕೆರೆಯಲ್ಲಿ ಹೆಬ್ಬಾತು ಕಡಿಮೆ ಕಂಡರೆ ಅದು ನಾಶವಾಗುತ್ತಿದೆ ಎಂದು ತೀರ್ಮಾನಿಸಬೇಡಿ.

ಆದರೆ ಎಲ್ಲ ಬಾತಿಗೂ ಈ ಸಮಾಧಾನ ಹೇಳಲಾಗದು. ಪೊಚಾರ್ಡ್ 2015ರಿಂದ ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ಅಪಾಯವಿರುವ ‘ವಲ್ನರಬಲ್’ ದರ್ಜೆಯಲ್ಲಿದೆ. 942 ಜಾತಿಗಳನ್ನು ಪರಿಶೀಲಿಸಿದ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೆಚ್ಚು ಕುಸಿದ ಗುಂಪುಗಳಲ್ಲಿ ಬಾತುಗಳನ್ನೂ ಹೆಸರಿಸಿದೆ. ಇದು ಭೀಮಾತೀರದವರ ಮಾತಿಗೆ ನಾನು ಸೇರಿಸುವ ಒಂದು ತಿದ್ದುಪಡಿ. ಚದುರುವಿಕೆ ನಿಜ, ಆದರೆ ಚದುರಿದ್ದಾವೆ ಅಷ್ಟೇ ಅಂದುಕೊಂಡು ಕೂತರೆ ನಿಜವಾದ ಕುಸಿತ ಕಣ್ತಪ್ಪುತ್ತದೆ.

ತಡವಾಗಿದೆಯೇ ಅಂದರೆ, ಇಲ್ಲ. ಎಲ್ಲಕ್ಕಿಂತ ಮೊದಲು ಗಾರ್ಗನಿ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿಗೆ. ಸೂಜಿಬಾಲ, ಶೊವೆಲರ್, ಟೀಲ್ ಅಕ್ಟೋಬರ್, ನವೆಂಬರಿಗೆ. ಪಟ್ಟೆತಲೆ ಹೆಬ್ಬಾತು ದಖ್ಖನಿಗೆ ಇಳಿಯುವುದು ನವೆಂಬರ್ ಕೊನೆಯಿಂದ ಡಿಸೆಂಬರಿನಲ್ಲಿ, ಮಾರ್ಚಿಗೆ ವಾಪಸ್. ಅವುಗಳಿಗೆ ತೆಳುನೀರಿಗಿಂತ ಬಯಲು ಮುಖ್ಯ. ರಾತ್ರಿ ಮತ್ತು ನಸುಕಿನಲ್ಲಿ ಕಡಲೆ, ಜೋಳ, ಗೋಧಿಯ ಎಳೆ ಪೈರಿನ ಮೇಲೆ ಮೇಯ್ದು, ಬಿಸಿಲೇರುತ್ತಲೂ ಕೆರೆಗೆ ಬಂದು ಕೂರುತ್ತವೆ. ಆರೂವರೆಗೆ ಎಣಿಸಿದರೆ ಒಂದೂ ಸಿಗದಿರಬಹುದು. ಅವುಗಳಿಗಾಗಿ ಒಬ್ಬರನ್ನು ಹನ್ನೊಂದರವರೆಗೆ ಉಳಿಸಿ. ಕುತ್ತಿಗೆಯಲ್ಲಿ ಪ್ಲಾಸ್ಟಿಕ್ ಪಟ್ಟಿ ಇದೆಯೇ ನೋಡಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಸಂಕೇತ ಮೂರನ್ನೂ ಬರೆದುಕೊಳ್ಳಿ.

ಸುರಪುರ_ಏರಿ

ಭಾಳ ಉಪಕಾರ ಆಯ್ತು ಸರ್. ಇನ್ನೆರಡು ಕೇಳ್ತೀನಿ. ಬೇಸಿಗಿಗೆ ನಮ್ಮ ಕೆರಿ ಹೂಳು ತೆಗೀತಾರಂತ ಮಾತು ನಡೆದದ. ಅದು ಹಕ್ಕಿಗೆ ಒಳ್ಳೇದೋ ಕೆಟ್ಟದ್ದೋ? ಮತ್ತ ಬಂದೂಕು ನಿಂತದ ಅಂದೆ, ಆದ್ರ ಸಂಜಿಮುಂದ ದಂಡಿಮ್ಯಾಲ ಸಣ್ಣ ನೈಲಾನ್ ಬಲಿ ಕಟ್ಟಿದ್ದು ಕಣ್ಣಿಗೆ ಬಿದ್ದದ. ಏನು ಮಾಡಬೇಕು?

ಗದ್ದಿ_ಬಯಲು

ತಮ್ಮಾ, ಬಲಿ ಮಾತು ನಾ ಹೇಳ್ತೀನಿ. ಬೇಟಿ ನಿಂತಿಲ್ಲ, ಸದ್ದು ನಿಂತದ ಅಷ್ಟೇ. ಈಗ ನಡೆಯೋದು ಮೂರು ತರ. ಒಂದು, ಎರಡು ಬಿದಿರು ನಡುವ ಕಣ್ಣಿಗೆ ಕಾಣದಂಥ ನೈಲಾನ್ ಬಲಿ, ಬಾತು ಸಂಜಿಗೆ ಗದ್ದಿಗೆ ಹೊಂಡೋ ದಾರಿಗೆ ಅಡ್ಡ. ಎರಡು, ಕೆಸರಿನಾಗ ಗೂಟ ಬಡಿದು ಸಾಲಾಗಿ ಉರುಲು. ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು: ಭತ್ತದ ಕಾಂಡಕೊರಕ ಹುಳಕ್ಕ ಹಾಕೋ ಕಾರ್ಬೋಫ್ಯೂರಾನ್ ಗುಳಿಗಿ ಔಷಧ ಅಕ್ಕಿ, ಜೋಳಕ್ಕ ಕಲಸಿ ದಂಡಿಗೆ ಚೆಲ್ಲೋದು. ಅದನ್ನ ತಿಂದ ಬಾತು ಜೊಲ್ಲು ಸುರಿಸ್ತದ, ರೆಕ್ಕಿ ಇಳಿಬಿಡ್ತದ, ಹಾರಲಾಕ ಆಗಲ್ಲ. ಅಂಥ ಹಕ್ಕಿ ಮಾಂಸ ಬೇಯಿಸಿದ್ರ ವಿಷ ಹೋಗ್ತದ ಅಂತ ನಂಬಬ್ಯಾಡ್ರಿ. ತಿಂದವರ ಜೀವಕ್ಕೂ ಅಪಾಯ. ಊರಾಗ ಈ ಮಾತು ಹೇಳಿದ್ರ ಕಾಯ್ದೆ ಹೇಳಿದ್ದಕ್ಕಿಂತ ಲಗೂ ನಾಟ್ತದ.

ಕಾಯ್ದೆದಾಗ ಬೇಟಿ ಅಂದ್ರ ಕೊಲ್ಲೋದಷ್ಟೇ ಅಲ್ಲ. ಬಲಿ ಒಡ್ಡೋದು, ಉರುಲು ಇಡೋದು, ವಿಷ ಹಾಕೋದು, ಹಂಗ ಮಾಡಲಾಕ ಯತ್ನ ಮಾಡೋದು, ಗೂಡು ಕೆಡಿಸೋದು, ಮೊಟ್ಟಿ ತೆಗಿಯೋದು ಎಲ್ಲಾ ಅದರಾಗೇ ಬರ್ತದ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಮೂರು ವರ್ಷತನ ಜೈಲು ಇಲ್ಲಾ 1 ಲಕ್ಷತನ ದಂಡ, ಇಲ್ಲಾ ಎರಡೂ. ಮೊದಲನೇ ಅನುಸೂಚಿ ಹಕ್ಕಿ ಆದ್ರ ಶಿಕ್ಷಾ ಇನ್ನೂ ಹೆಚ್ಚು.

ಬಲಿ ಕಂಡ ಕೂಡಲೇ ಕಿತ್ತು ಹಾಕಬ್ಯಾಡ್ರಿ. ಒಂದು, ಕಟ್ಟಿದವರು ಹತ್ತಿರೇ ಇರ್ತಾರ. ಎರಡು, ಸಾಕ್ಷಿ ಹೋಗ್ತದ. ದೂರದಿಂದ ಫೋಟೊ ತೆಗೀರಿ, ಫೋನಿನಾಗ ಲೊಕೇಶನ್ ಹಿಡೀರಿ, ಹೊತ್ತು ಬರ್ಕೊಳ್ರಿ, ಅರಣ್ಯ ಇಲಾಖೆ ವಲಯ ಕಚೇರಿಗೆ ಇಲ್ಲಾ 112ಕ್ಕ ತಿಳಸ್ರಿ. ಜೀವಂತ ಹಕ್ಕಿ ಸಿಕ್ಕೊಂಡಿದ್ರ ಅದನ್ನೂ ಫೋನಿನಾಗೇ ಹೇಳ್ರಿ, ಲಗೂ ಬರ್ತಾರ. ಸತ್ತ ಹಕ್ಕಿ ಹತ್ತಾರು ಬಿದ್ದಿದ್ರ ಬರೀ ಕೈಲೆ ಮುಟ್ಟಲೇಬ್ಯಾಡ್ರಿ. ವಿಷನೂ ಇರಬಹುದು, ಹಕ್ಕಿಜ್ವರನೂ ಇರಬಹುದು. 2005ರಾಗ ಚೀನಾದ ಕಿಂಗ್‌ಹಾಯ್ ಸರೋವರದಾಗ ಎಚ್5ಎನ್1 ಅನ್ನೋ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿ ಸತ್ತವು, ಅದರಾಗ ಭಾಳಷ್ಟು ಇದೇ ಪಟ್ಟೆತಲೆ ಹೆಬ್ಬಾತು. ಕಾಳು ಹತ್ತಿರ ಚೆಲ್ಲಿದ್ರ ವಿಷದ ಅನುಮಾನ. ಏನೂ ಇಲ್ಲದ, ತಲಿ ತಿರುಗಿಸಿಕೊಂತ ಸಾಯ್ಲಾಕತ್ತಿದ್ರ ರೋಗದ ಅನುಮಾನ. ಎರಡರಾಗೂ ನಾಯಿ, ದನ, ಮಕ್ಕಳನ್ನ ದೂರ ಇಟ್ಟು, ಪಶುವೈದ್ಯರು ಬರೋತನಕ ಕಾಯಬೇಕು.

ಇನ್ನೊಂದು. ಮೀನಿನ ಬಲಿ ಬ್ಯಾರೆ ಮಾತು, ಅವರ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ. ಆದ್ರ ರಾತ್ರಿ ಬಿಟ್ಟ ಬಲಿಯಾಗ ಮುಳುಗೋ ಹಕ್ಕಿ ಸಿಕ್ಕು ಉಸಿರುಗಟ್ಟಿ ಸಾಯ್ತಾವ. ನಸುಕಿಗೇ ಬಲಿ ಎತ್ತೋದು, ಹರಿದ ಬಲಿ ದಂಡಿಮ್ಯಾಲ ಒಗಿದೆ ಊರಿಗೆ ತರೋದು, ಇಷ್ಟು ಕೂತು ಮಾತಾಡಿದ್ರ ಆಗೋ ಕೆಲಸ.

ಭೀಮಾತೀರ

ಹೂಳಿನ ಪ್ರಶ್ನೆಗೆ ನೇರ ಲೆಕ್ಕ ಹಾಕೋಣ. ಬಾತಿಗೆ ಬೇಕಾದದ್ದು 0ಯಿಂದ 30 ಸೆಂ.ಮೀ. ನೀರಿನ ಪಟ್ಟಿ. ಜೆಸಿಬಿಯವರು ಸಾಮಾನ್ಯವಾಗಿ ದಂಡೆಯನ್ನು ಗೋಡೆ ಕಡಿದಂತೆ ಕಡಿಯುತ್ತಾರೆ. ಇಳಿಜಾರು 3 ಅಡಿಗೆ 1 ಅಡಿ ಇದ್ದರೆ ಆ ಪಟ್ಟಿಯ ಅಗಲ 90 ಸೆಂ.ಮೀ. ಮಾತ್ರ. 30ಕ್ಕೆ 1 ಇದ್ದರೆ 9 ಮೀಟರ್. 100ಕ್ಕೆ 1 ಇದ್ದರೆ 30 ಮೀಟರ್. ದಂಡೆಯ ಉದ್ದ 2 ಕಿ.ಮೀ. ಅಂದುಕೊಳ್ಳಿ. ಮೊದಲ ಕೆರೆಯಲ್ಲಿ ಬಾತು ಮೇಯುವ ಜಾಗ ಅರ್ಧ ಎಕರೆಯೂ ಆಗುವುದಿಲ್ಲ, ಕೊನೆಯದರಲ್ಲಿ ಹೆಚ್ಚುಕಡಿಮೆ 15 ಎಕರೆ. ನೀರು ತುಂಬಿದ ಮೇಲೆ ಏರಿಯ ಮೇಲಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಆದ್ದರಿಂದ ಹೂಳು ಬೇಡ ಅನ್ನಬೇಡಿ, ರೈತರಿಗೆ ನೀರೂ ಬೇಕು, ಹೊಲಕ್ಕೆ ಆ ಮಣ್ಣೂ ಬೇಕು. ಎಲ್ಲಿಂದ ತೆಗೆಯಬೇಕು ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳಿ. ಏರಿಯ ಕಡೆ, ತೂಬಿನ ಮುಂದೆ ಆಳ ಮಾಡಲಿ. ಏರಿಯ ಬುಡಕ್ಕೆ ಮಾತ್ರ ತೀರ ಹತ್ತಿರ ಅಗೆಯಬಾರದು, ಏರಿ ಕುಸಿಯುತ್ತದೆ. ಹಳ್ಳ ಬಂದು ಸೇರುವ ಬಾಲದ ಕಡೆ ಸಹಜ ಇಳಿಜಾರನ್ನು ಮುಟ್ಟದೆ ಬಿಡಲಿ. ಬಾತು ಮೇಯುವುದು ಅಲ್ಲಿಯೇ. ಬಾಲದಲ್ಲಿ ಬೇಶರಮ್, ಬಳ್ಳಾರಿ ಜಾಲಿ ಬೆಳೆದಿದ್ದರೆ ಬೇಸಿಗೆಯಲ್ಲಿ ಬೇರು ಸಮೇತ ಕೀಳಿಸಿ, ದಂಡೆಯಿಂದ ಆಚೆಗೆ ಸಾಗಿಸಿ. ಬೇಶರಮ್ ಕಡ್ಡಿಯನ್ನು ಅಲ್ಲೇ ಬಿಟ್ಟರೆ ತುಂಡು ತುಂಡಿಗೂ ಬೇರು ಬಿಡುತ್ತದೆ. ಜಂಬು, ಆಪನ್ನು ಪೂರ್ತಿ ತೆಗೆಯಬೇಡಿ. ಜಂಬುಕೋಳಿ, ಕೆಂಪು ಬಕ ಗೂಡು ಕಟ್ಟುವುದು ಅಲ್ಲೇ. ಮೂರನೇ ಒಂದು ಭಾಗ ಒಂದೇ ಕಡೆ ಉಳಿಸಿ, ಉಳಿದದ್ದು ತೆರವಾಗಲಿ. ತೆಗೆದ ಮಣ್ಣನ್ನು ಕೆರೆಯೊಳಗೆ ನಡುಗಡ್ಡೆ ಮಾಡಿ ಬಿಡುತ್ತೇವೆ ಅಂದರೆ ಅದರ ಬದಿಗಳೂ ಚಪ್ಪಟೆ ಇಳಿಜಾರಾಗಿರಬೇಕು ಅಂತ ಕೇಳಿ. ಕಡಿದಾದ ಗುಡ್ಡೆ ಎರಡು ಮಳೆಗಾಲದಲ್ಲಿ ಕರಗಿ ಮತ್ತೆ ಹೂಳೇ ಆಗುತ್ತದೆ.

ಅಂದಾಜುಪಟ್ಟಿ ತಯಾರಾಗುವ ಮೊದಲೇ ಈ ಮಾತು ಗ್ರಾಮಸಭೆಯಲ್ಲಿ ಬರಬೇಕು. ಕೆಲಸ ಶುರುವಾದ ಮೇಲೆ ಜೆಸಿಬಿ ಚಾಲಕನ ಹತ್ತಿರ ಇಳಿಜಾರಿನ ಮಾತಾಡಿ ಏನೂ ಆಗುವುದಿಲ್ಲ.

ಸುರಪುರ_ಏರಿ

ಆಯ್ತ್ರಿ. ಬಿದಿರು ಕೋಲಿಗೆ ಬಣ್ಣ ಹಚ್ಚಿ ಡಿಸೆಂಬರಿನಾಗೇ ನಿಲ್ಲೋ ಜಾಗ ಗೊತ್ತು ಮಾಡ್ತೀವಿ. ಕೆರಿ ಬಾಲದ ಕಡಿ ಇಳಿಜಾರು ಅಳಿಯಲಾಕ ಬ್ಯಾರೆ ಏನಾದ್ರೂ ಬೇಕೇನು, ಇಲ್ಲಾ ಅದೇ ಕೋಲು ಸಾಕಾ?

ಕಾರಂಜಾ_ಹಿನ್ನೀರು

ಅದೇ ಕೋಲು ಸಾಕು. ನೀರಂಚಿನಿಂದ 10 ಮೀಟರ್ ಹಗ್ಗ ನೀರಿನೊಳಕ್ಕೆ ಎಳೆದು, ತುದಿಯಲ್ಲಿ ಆಳ ನೋಡಿ. ಅಲ್ಲಿ 10 ಸೆಂ.ಮೀ. ಬಂದರೆ ಇಳಿಜಾರು 100ಕ್ಕೆ 1. ಒಂದು ಮೀಟರ್ ಬಂದರೆ 10ಕ್ಕೆ 1. ಈಜು ಬಾರದವರು ಇಳಿಯಬೇಡಿ, ಹಳೆಯ ಮಣ್ಣು ತೆಗೆದ ಗುಂಡಿಗಳು ನೀರಡಿ ಕಾಣುವುದಿಲ್ಲ. ಮುಂದೆ ಕೋಲು ಕುತ್ತುತ್ತ, ಇಬ್ಬರು ಒಂದೇ ಹಗ್ಗ ಹಿಡಿದು ಹೋಗಿ.